ಉಣ್ಣುವ ಕೈ

ಸುಳ್ಳು ಹೇಳಿ ನಾಲ್ಕು ತಿಂಗಳಾಗಿತ್ತು. ದೊಡ್ಡ ಸುಳ್ಳೇನಲ್ಲ, ಸುಳ್ಳು ಹೌದೋ ಅಲ್ಲವೋ ಎಂದು ವಾದಕ್ಕೆ ಕೂರಬಹುದಾದಷ್ಟು ಸಣ್ಣದು. ಆದರೆ ವಾದಕ್ಕೆ ಈಶಪ್ಪನಿಗೆ ತನ್ನ ಹೊರತು ಬೇರೆ ಯಾರೂ ಸಿಕ್ಕಿರಲಿಲ್ಲ, ತನ್ನೊಂದಿಗೆ ಮಾಡಿದ ವಾದದಲ್ಲಿ ಅವನು ದಿನವೂ ಸೋಲುತ್ತಿದ್ದ. ಆ ಶನಿವಾರ ಬೆಳಿಗ್ಗೆ ಪೀಣ್ಯ ಎರಡನೇ ಹಂತದ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತು ಒಂದೇ ಬುಶ್ಶನ್ನು, ಆ ಗಿಡ್ಡ ಲೋಹದ ಬಳೆಯನ್ನು, ಮೂರು ಸಲ ಅಳೆದ. ಮೂರು ಸಲವೂ ಅಳತೆ ಸರಿಯಿತ್ತು. ನಾಲ್ಕನೆಯ ಸಲ ಅಳೆಯಲು ಹೋದಾಗ ಹಿಂದಿನಿಂದ ಮಾಲೀಕ ನರಸಿಂಹಯ್ಯ, "ಏನಪ್ಪಾ ಈಶಪ್ಪ, ಅದು ಬುಶ್ಶು ಕಣೋ, ಮದುವೆ ಉಂಗುರ ಅಲ್ಲ. ಬಿಡು" ಎಂದರು. ಈಶಪ್ಪ ನಕ್ಕ. ನಗುವುದು ಅವನಿಗೆ ಸುಲಭ, ಅದೇ ಅವನ ತೊಂದರೆ. ಯಾರು ಏನು ಕೇಳಿದರೂ ಮೊದಲು ನಕ್ಕುಬಿಡುತ್ತಿದ್ದ, ಆಮೇಲೆ ಎದುರಿನವರಿಗೆ ಹಿತವಾಗುವ ಉತ್ತರ ತಾನಾಗಿ ಬಾಯಿಗೆ ಬಂದುಬಿಡುತ್ತಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಅವನ ಮಗಳು ಯಮುನಾ ನಾಲ್ಕು ಜನರೆದುರು ತಾನಾಗಿ ಊಟ ಮಾಡಿ ತೋರಿಸಬೇಕಿತ್ತು. ಏಳೂವರೆ ವರ್ಷದ ಹುಡುಗಿ. ಹುಟ್ಟುವಾಗ ಉಸಿರು ತಡವಾಗಿತ್ತು. ಅಂದಿನಿಂದ ಕೈ, ಕಾಲು, ನಾಲಿಗೆ ಯಾವುದೂ ಅವಳ ಮಾತನ್ನು ನೆಟ್ಟಗೆ ಕೇಳುತ್ತಿರಲಿಲ್ಲ. ಡಾಕ್ಟರು ಅದನ್ನು ಸೆರೆಬ್ರಲ್ ಪಾಲ್ಸಿ ಎಂದಿದ್ದರು. ಬುದ್ಧಿ ಮಾತ್ರ ಚುರುಕು: ಅಪ್ಪ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡರೆ ಎಲ್ಲರಿಗಿಂತ ಮೊದಲು ನಗುವವಳು, ಆಮೇಲೆ ಪಾಪ ಎನ್ನುವಂತೆ ಮುಖ ಮಾಡುವವಳು. ಲಗ್ಗೆರೆಯ ಅವರ ಬಾಡಿಗೆ ಕೋಣೆಗೆ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯಿನಿ ಸೀತಾಲಕ್ಷ್ಮಿ ಮೇಡಂ ಕೆಟ್ಟವರಲ್ಲ. "ಪಾಠ ಹೇಳೋಣ, ಎತ್ತಿ ಕೂರಿಸೋಣ, ಎಲ್ಲಾ ಮಾಡೋಣ. ಆದ್ರೆ ಬಿಸಿಯೂಟದ ಹೊತ್ತಿಗೆ ಕೂತ್ಕೊಂಡು ಉಣಿಸೋಕೆ ನಮ್ಮಲ್ಲಿ ಯಾರೂ ಇಲ್ಲ ಕಣಪ್ಪ" ಎಂದಿದ್ದರು. ಹೆಂಡತಿ ಮಹಾದೇವಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ, ಪಾಳಿ ಬಿಟ್ಟು ದಿನಾ ಶಾಲೆಗೆ ಬರಲಾಗದು. ಯಮುನಾ ತಾನಾಗಿ ಉಂಡರೆ ಶಾಲೆ, ಇಲ್ಲದಿದ್ದರೆ ಇಲ್ಲ. ಅದನ್ನೇ ನೋಡಲು ಮೇಡಂ ಇವತ್ತು ಥೆರಪಿ ಕೇಂದ್ರಕ್ಕೆ ಬರುವವರಿದ್ದರು.

ಆ ಊಟಕ್ಕಾಗಿ ಅವನು ಒಂದು ಜಿಗ್ ಮಾಡಿದ್ದ. ಕೈ ನಡುಗಿದರೂ ಕೆಲಸ ಕೆಡದಂತೆ ಹಿಡಿದು ದಾರಿ ತೋರಿಸುವ ಚೌಕಟ್ಟಿಗೆ ಶೆಡ್ಡಿನಲ್ಲಿ ಜಿಗ್ ಎನ್ನುತ್ತಾರೆ. ಕೇಂದ್ರದ ಥೆರಪಿಸ್ಟ್ ಭಾವನಾ ಮೇಡಂ ಮೊಬೈಲಿನಲ್ಲಿ ಹೊರದೇಶದ ಉಪಕರಣವೊಂದರ ಚಿತ್ರ ತೋರಿಸಿ, ಇಂಥದ್ದು ನಮ್ಮಲ್ಲಿ ಸಿಗೋದು ಕಷ್ಟ ಎಂದಾಗ, ಈಶಪ್ಪ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, "ಇದು ಜಿಗ್ ಐತಲ್ರಿ ಮೇಡಂ, ನಾ ಮಾಡ್ತೀನಿ" ಎಂದಿದ್ದ. ಮೇಜಿಗೆ ಬಿಗಿಯುವ ಒಂದು ಕ್ಲ್ಯಾಂಪು, ಅದರ ಮೇಲೆ ಮೊಣಕೈಯಂತೆ ಮಡಚುವ ಎರಡು ಅಲ್ಯೂಮಿನಿಯಂ ಪಟ್ಟಿ, ಸಂದಿಗಳಲ್ಲಿ ಬೇರಿಂಗು, ತುದಿಯಲ್ಲಿ ಮುಂಗೈ ಇಟ್ಟುಕೊಳ್ಳಲು ಮೆತ್ತನೆಯ ಒಂದು ದೊನ್ನೆ, ಅದರ ಮುಂದೆ ಚಮಚ. ಕೈ ಎಷ್ಟು ಅದುರಿದರೂ ಸ್ಪ್ರಿಂಗು ಅದನ್ನು ನುಂಗಿಕೊಂಡು ಚಮಚವನ್ನು ಮಟ್ಟಸವಾಗಿ ಬಾಯಿಗೆ ಒಯ್ಯುತ್ತಿತ್ತು. ಸರ್ಕಾರಿ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗಿದ್ದ ನರಸಿಂಹಯ್ಯ, "ಅನ್ನ ತಿನ್ನೋಕೆ ಜಿಗ್ ಮಾಡಿದೋನ್ನ ನಾನು ಇದೇ ಫಸ್ಟ್ ನೋಡ್ತಿರೋದು" ಎನ್ನುತ್ತಲೇ ತಮ್ಮ ಡಬ್ಬಿಯ ಮೊಸರನ್ನವನ್ನು ಪೂರ್ತಿ ಅದರಲ್ಲೇ ತಿಂದರು. ಬೇಕೆಂದೇ ಕೈ ನಡುಗಿಸಿಕೊಂಡು ತಿಂದರು. ಮೀಸೆಗೆ ಒಂದು ಅಗುಳೂ ಅಂಟಲಿಲ್ಲ. ಆ ಹೊತ್ತು ಈಶಪ್ಪನಿಗಾದ ಹೆಮ್ಮೆ ಅಷ್ಟಿಷ್ಟಲ್ಲ. ಹತ್ತೊಂಬತ್ತು ವರ್ಷದಿಂದ ಯಾವುದೋ ಯಂತ್ರದ ಯಾವುದೋ ಭಾಗ ಮಾಡುತ್ತ ಬಂದವನು, ಮೊದಲ ಸಲ ಕೆಲಸದ ಪೂರ್ತಿ ರೂಪ ಕಂಡಿದ್ದ.

ಅದೇ ಜಿಗ್ ಮನೆಗೆ ಬಂದ ಮೇಲೆ ಮೊಂಡು ಹಿಡಿಯಿತು. ಯಮುನಾಳ ಬಲಗೈ ಆ ದೊನ್ನೆಯಲ್ಲಿ ಮುಷ್ಟಿ ಕಟ್ಟಿ ಕುಳಿತುಬಿಡುತ್ತಿತ್ತು. ಬಾ ಎಂದರೆ ಹೋಗುತ್ತಿತ್ತು, ಏಳು ಎಂದರೆ ಒತ್ತುತ್ತಿತ್ತು. ಅಷ್ಟರಲ್ಲಿ ಎಡಗೈ ಎಲ್ಲಿಂದಲೋ ನುಗ್ಗಿ ಬಂದು, ಅದುರುತ್ತಾ ತಪ್ಪುತ್ತಾ ಆದರೂ ಹಟದಿಂದ, ಚಮಚಕ್ಕೇ ಗುರಿಯಿಟ್ಟು ಬರುತ್ತಿತ್ತು. ಮಹಾದೇವಿ ಅದನ್ನು ಹಿಡಿದು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಅದೇನು ಹೊಸದಲ್ಲ. ಮಗಳನ್ನು ಮೊಣಕಾಲಿಗೆ ಒರಗಿಸಿ, ಎಡಗೈಯನ್ನು ಕಂಕುಳಲ್ಲಿ ಒತ್ತಿಕೊಂಡು, ನುಚ್ಚನ್ನೋ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೋ ತುತ್ತು ಮಾಡಿ ಬಾಯಿಗಿಡುವುದು ಏಳು ವರ್ಷದಿಂದ ನಡೆದುಬಂದ ರೀತಿ. ನೋಡಿದವರಿಗೆ ಅಪ್ಪಿಕೊಂಡಂತೆ ಕಾಣುತ್ತಿತ್ತು. ಅಪ್ಪುಗೆಯೂ ಹೌದು. ಈಶಪ್ಪ ಜಿಗ್ಗಿನ ಸ್ಪ್ರಿಂಗು ಬದಲಿಸಿದ, ಪಟ್ಟಿಯನ್ನು ಅರ್ಧ ಇಂಚು ಗಿಡ್ಡ ಮಾಡಿದ, ಬೇರಿಂಗಿಗೆ ತೆಳು ಎಣ್ಣೆ ಬಿಟ್ಟ. ತಪ್ಪು ಅಲ್ಲೆಲ್ಲೂ ಇಲ್ಲ ಎಂದು ಗೊತ್ತಿದ್ದವನು ಮಾಡುವ ರಿಪೇರಿ ಅದು, ಮುಗಿಯುವುದೇ ಇಲ್ಲ.

ನಾಲ್ಕು ತಿಂಗಳ ಹಿಂದೆ ಭಾವನಾ ಮೇಡಂ ಕೈಯಲ್ಲಿ ಫಾರಂ ಹಿಡಿದು, "ಯಾವ ಕೈ ಚೆನ್ನಾಗಿ ಆಡುತ್ತೆ ಇವ್ಳಿಗೆ?" ಎಂದು ಕೇಳಿದ್ದರು. ಗೋಡೆಗುಂಟ ಬೇರೆ ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಎಲ್ಲರ ಕಿವಿಯೂ ಇತ್ತಲೇ ಇದ್ದಂತೆ ಅವನಿಗನಿಸಿತ್ತು. ಎಡಗೈ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ನಕ್ಕ. ನಕ್ಕು, "ಉಣ್ಣೋ ಕೈ ರೀ" ಎಂದ. ಭಾವನಾ ಮೇಡಂ 'ಬಲ' ಎಂದು ಗುರುತು ಹಾಕಿದರು. ಇನ್ನೇನು ಹಾಕುತ್ತಾರೆ? ಯಾವ ಕೂಸಿಗೆ ತಾನೇ ಎಡ ಬಲ ಎಂದು ಕಲಿಸುತ್ತಾರೆ. ಉಣ್ಣೋ ಕೈ ತೋರಿಸು, ತೊಳೆಯೋ ಕೈ ತೋರಿಸು ಎಂದೇ ಕಲಿಸುವುದು. ಅವನ ಅವ್ವ ಹೊಳೆವ್ವ ಅವನಿಗೂ ಹಾಗೆಯೇ ಕಲಿಸಿದ್ದಳು, ಒಂದಿಷ್ಟು ಹೆಚ್ಚೇ ಕಲಿಸಬೇಕಾಗಿತ್ತು, ಏಕೆಂದರೆ ಚಿಕ್ಕವನಿದ್ದಾಗ ಈಶಪ್ಪನ ಎಡಗೈ ಮುಂದೆ ಓಡುತ್ತಿತ್ತು. ಬಾದಾಮಿ ಹತ್ತಿರದ ಊರಲ್ಲಿ ಯಾರದೋ ಮದುವೆ. ಪಂಕ್ತಿಯಲ್ಲಿ ಕೂತ ಐದು ವರ್ಷದ ಹುಡುಗ ಹೋಳಿಗೆಗೆ ಎಡಗೈ ಹಾಕಿದ. ಎದುರಿನ ಪಂಕ್ತಿಯ ಮುದುಕನೊಬ್ಬ ಊಟ ನಿಲ್ಲಿಸಿ, "ಯಾರ ಮಗಾ ಇಂವ?" ಎಂದು ಗಟ್ಟಿಯಾಗಿ ಕೇಳಿದ. ಅಷ್ಟೇ. ಹೊಡೆಯಲಿಲ್ಲ, ಬಯ್ಯಲಿಲ್ಲ. ಆದರೆ ಬಡಿಸುತ್ತಿದ್ದ ಹೊಳೆವ್ವ ಅಲ್ಲೇ ನಿಂತುಬಿಟ್ಟಳು, ನನ್ನ ಮಗ ಎಂದು ಅವಳು ಹೇಳಲಿಲ್ಲ. ಆ ಹೋಳಿಗೆಯ ರುಚಿ ನೆನಪಿಲ್ಲ, ಅವ್ವ ಬಾಯಿ ಮುಚ್ಚಿಕೊಂಡು ನಿಂತದ್ದು ನೆನಪಿದೆ. ಯಮುನಾಳನ್ನು ಕಂಡು ಯಾರಾದರೂ ಹಾಗೆ ಕೇಳಿಯಾರು ಎಂಬ ಭಯಕ್ಕೆ, ಮೊದಲೇ ಎಲ್ಲದಕ್ಕೂ ಮಂದಿಯ ಮಾತು ಕೇಳಿಸಿಕೊಳ್ಳುತ್ತಿರುವ ಕೂಸಿಗೆ ಇದೊಂದು ಮಾತು ತಪ್ಪಲಿ ಎಂಬ ಪ್ರೀತಿಗೆ, ಅವನು ಹಾಗೆ ಹೇಳಿದ್ದು. ಪ್ರೀತಿಯಿಂದಲೇ ಹೇಳಿದ್ದು. ಅದನ್ನು ನೆನೆದಾಗಲೇ ಅವನಿಗೆ ಹೆಚ್ಚು ನಾಚಿಕೆಯಾಗುತ್ತಿತ್ತು.

ಹನ್ನೊಂದೂವರೆಗೆ ಶೆಡ್ಡು ಬಿಟ್ಟು, ರಿಪೇರಿಗೆಂದು ತಂದಿದ್ದ ಜಿಗ್ಗನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು, ಮನೆಗೆ ಹೋಗಿ ಇಬ್ಬರನ್ನೂ ಆಟೋ ಹತ್ತಿಸಿದ. ಯಮುನಾಳಿಗೆ ಆಟೋ ಎಂದರೆ ಜಾತ್ರೆ ಇದ್ದಂತೆ, ರಸ್ತೆಯ ಹಂಪು ಬಂದಾಗಲೆಲ್ಲ ಕೇಕೆ ಹಾಕುವಳು. ಲಾರಿಗಳ ಸಾಲಿನಲ್ಲಿ ಆಟೋ ಸಿಕ್ಕಿಕೊಂಡಾಗ ಮಹಾದೇವಿ ಗಂಡನ ಕಡೆ ನೋಡಿದಳು.

"ಮುಂಜಾನಿಂದ ಮಾರಿ ಯಾಕ ಹಂಗ ಮಾಡ್ಕೊಂಡೀರಿ? ಉಣ್ಣಾಕಿ ಆಕಿ, ನೀವಲ್ಲ."

"ಏನಿಲ್ಲ."

"ಏನಿಲ್ಲಂದ್ರ ಏನೋ ಐತಿ." ಅವಳು ಮಗಳ ಎಡಗೈಯನ್ನು ತನ್ನ ಅಂಗೈಯೊಳಗೆ ಹಿಡಿದುಕೊಂಡಿದ್ದಳು. ಹೊರಗೆ ನೋಡುತ್ತಾ ಹೇಳಿದಳು: "ಈ ಕೈ ಭಾಳ ಜೋರಾಗೇತಿ ನೋಡ್ರಿ ಇಕೀದು. ಹಿಡದು ಹಿಡದು ನನ್ನ ರಟ್ಟಿ ನೋಯಾಕತ್ತಾವು."

ದೂರು ಹೇಳುವ ದನಿಯಲ್ಲೇ ಹೇಳಿದಳು. ಈಶಪ್ಪ ತಿರುಗಿ ಅವಳ ಮುಖ ನೋಡಿದ. ಇವಳಿಗೂ ಗೊತ್ತಿದೆ. ಅಂದು ಫಾರಂ ತುಂಬುವಾಗ ಪಕ್ಕದಲ್ಲೇ ಕೂತಿದ್ದಳಲ್ಲ, ಅವಳೂ ಬಾಯಿ ಬಿಡಲಿಲ್ಲ. ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಹೇಳದೆ ಇರುವುದು ಸಂಸಾರದಲ್ಲಿ ಹೊಸದೇನಲ್ಲ, ಆದರೆ ಈ ಸಲ ನಡುವೆ ಮೂರನೆಯದೊಂದು ಜೀವ ಕೂತಿತ್ತು, ಮುಂದಿನ ಹಂಪು ಯಾವಾಗ ಬರುವುದೋ ಎಂದು ಕಾಯುತ್ತಾ. ಹೇಳಿಬಿಡೋಣ ಎಂದು ಅವನು ಉಸಿರೆಳೆದುಕೊಂಡ. ಲಾರಿ ಸರಿಯಿತು, ಆಟೋ ಹೊರಟಿತು, ಉಸಿರು ಸುಮ್ಮನೆ ಹೊರಗೆ ಹೋಯಿತು.

ಕೇಂದ್ರದಲ್ಲಿ ಶನಿವಾರ ಎಲ್ಲ ಮಕ್ಕಳಿಗೂ ಒಟ್ಟಿಗೆ ಊಟ. ಉದ್ದನೆಯ ತಗ್ಗು ಮೇಜು, ಮೆತ್ತಗೆ ಕಲಸಿದ ಅನ್ನ ಸಾಂಬಾರು, ಜಾರದಂತೆ ತಳಕ್ಕೆ ರಬ್ಬರಿದ್ದ ಬಟ್ಟಲುಗಳು. ಸೀತಾಲಕ್ಷ್ಮಿ ಮೇಡಂ ಆಗಲೇ ಬಂದು ಕಿಟಕಿಯ ಪಕ್ಕ ಕೂತಿದ್ದರು, ಕೈಚೀಲ ಮಡಿಲಲ್ಲಿಟ್ಟುಕೊಂಡು. ಈಶಪ್ಪ ಮೇಜಿಗೆ ಜಿಗ್ ಬಿಗಿದ. ಬಿಗಿಯುವಾಗ ಅವನ ಕೈಗಳು ಚೆನ್ನಾಗಿದ್ದವು, ಬೋಲ್ಟು ತಿರುವುವಷ್ಟು ಹೊತ್ತು ಎದೆಯೂ ಸುಮ್ಮನಿತ್ತು. ಯಮುನಾಳನ್ನು ಕುರ್ಚಿಯಲ್ಲಿ ಕೂರಿಸಿ, ಬಲಗೈಯನ್ನು ದೊನ್ನೆಯಲ್ಲಿಟ್ಟು ಬಟ್ಟೆಯ ಪಟ್ಟಿ ಸುತ್ತಿ ಅಂಟಿಸಿದರು. ಮಹಾದೇವಿ ಎಡಗಡೆ ಕೂತು, ಅಭ್ಯಾಸದಂತೆ, ಎಡಗೈ ಹಿಡಿದುಕೊಂಡಳು.

"ಶುರು ಮಾಡಮ್ಮ ಯಮುನಾ, ನಿಧಾನಕ್ಕೆ" ಎಂದರು ಭಾವನಾ.

ಯಮುನಾ ಪ್ರಯತ್ನ ಮಾಡಿದಳು. ಅದನ್ನು ನೋಡುವುದು ಈಶಪ್ಪನಿಗೆ ಕಷ್ಟವಾಯಿತು. ಕುತ್ತಿಗೆಯ ನರ ಬಿಗಿಯಿತು, ನಾಲಿಗೆ ಹೊರಗೆ ಬಂತು, ಇಡೀ ಮೈ ಆ ಒಂದು ಮುಷ್ಟಿಯನ್ನು ಎತ್ತಲು ನೆರವಿಗೆ ಬಂದಂತೆ ಒಂದು ಕಡೆ ವಾಲಿತು. ಚಮಚ ಬಟ್ಟಲಿನ ಅಂಚಿಗೆ ಬಡಿಯಿತು, ಇನ್ನೊಂದು ಸಲ ಬಡಿಯಿತು, ಮೂರನೆಯ ಸಲ ಅನ್ನದಲ್ಲಿ ಹೂತು ಅಲ್ಲೇ ನಿಂತಿತು. ಪಕ್ಕದ ಹುಡುಗ ತನ್ನ ಊಟ ನಿಲ್ಲಿಸಿ ನೋಡುತ್ತಿದ್ದ. ಯಮುನಾ ನಕ್ಕಳು. ಸೋತಾಗ ಮೊದಲು ನಗುವ ಆ ನಗು ಎಲ್ಲಿಂದ ಬಂತೆಂದು ಈಶಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಕಪಾಳಕ್ಕೆ ಹೊಡೆದಂತಾಯಿತು. ಎಡಗೈ ತಾಯಿಯ ಹಿಡಿತದಲ್ಲಿ ಕೊಸರಾಡುತ್ತಿತ್ತು. ಸೀತಾಲಕ್ಷ್ಮಿ ಮೇಡಂ ಎದ್ದು ಬಂದು ಅವಳ ತಲೆ ಸವರಿ, ತುಂಬ ಮೃದುವಾಗಿ, "ಪಾಪ, ಆಯಾಸ ಮಾಡ್ಬೇಡಿ ಮಗೂಗೆ. ಇನ್ನೊಂದು ವರ್ಷ ಬಿಟ್ಟು ನೋಡೋಣ ಬಿಡಿ" ಎಂದರು. ಆ ಮೃದುತನವನ್ನು ಈಶಪ್ಪನಿಗೆ ತಡೆಯಲಾಗಲಿಲ್ಲ. ಸುಳ್ಳು ಹೇಳಿದವನು ತಾನು, ಪಾಪ ಎನ್ನಿಸಿಕೊಂಡವಳು ಅವಳು.

"ಬಲಗೈ ಅಲ್ರಿ," ಎಂದ ಈಶಪ್ಪ. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. ಈ ಸಲ ನಗು ಬರಲಿಲ್ಲ. "ಇಕೀ ಉಣ್ಣೋ ಕೈ ಎಡಗೈ ರೀ ಮೇಡಂ. ನನಗ ಮೊದಲಿಂದ ಗೊತ್ತಿತ್ತು. ಮಂದಿ ಏನಂತಾರಂತ ನಾ ಸುಳ್ಳು ಹೇಳಿದೆ."

 ಮಹಾದೇವಿ ಅವನ ಮುಖ ನೋಡಿದಳು, ಆಮೇಲೆ ತಾನು ಹಿಡಿದಿದ್ದ ಕೈ ನೋಡಿದಳು, ಮತ್ತೆ ಬೆರಳು ಬಿಚ್ಚಿ ಅದನ್ನು ಬಿಟ್ಟಳು. ಬಿಟ್ಟ ಕೂಡಲೇ ಅದು ಹಾರಿಹೋಗಿ ಬಟ್ಟಲಿನಲ್ಲಿ ಬಿತ್ತು, ಸಾಂಬಾರು ಸೀತಾಲಕ್ಷ್ಮಿ ಮೇಡಂ ಸೀರೆಗೂ ಒಂದಿಷ್ಟು ಚಿಮ್ಮಿತು.

ಭಾವನಾ ಮೇಡಂಗೆ ಸಿಟ್ಟು ಬಂದಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. "ನಾನು ಎರಡು ಸಲ ಕೇಳಿದ್ದೆ ಅಲ್ವಾ? ಎಡಗೈ ನೋಡೋಣ ಅಂತ? ನಾಲ್ಕು ತಿಂಗಳು ಕಣ್ರೀ!" ಎಂದವರು, ಅವನು ತಲೆ ಬಗ್ಗಿಸಿ ನಿಂತದ್ದು ಕಂಡು, "ನಾನೂ ಬಿಡ್ಬಾರದಿತ್ತು. ನೀವು ಹಿಡ್ಕೊಂಡೇ ಇರ್ತಿದ್ರಿ, ನಾನೂ ಹಾಗೇ ಬಿಟ್ಟೆ. ಇದನ್ನ ಎಡಕ್ಕೆ ಮಾಡೋಕೆ ಎಷ್ಟು ದಿನ ಬೇಕು?" ಎಂದರು. ಈಶಪ್ಪ ಜೇಬಿನಿಂದ ಅಲೆನ್ ಕೀ ತೆಗೆದು ಮಂಡಿಯೂರಿದ. ನಾಲ್ಕು ಬೋಲ್ಟು ಬಿಚ್ಚಿ, ದೊನ್ನೆಯನ್ನು ಮಗುಚಿ ಹಿಡಿದ. ಪಟ್ಟಿಯ ಎಡ ಮೈಯಲ್ಲೂ ನಾಲ್ಕು ತೂತು ಕಾಯುತ್ತಿದ್ದವು, ಬೋಲ್ಟು ಕೂರುವಂತೆ ಒಳಗೆ ಥ್ರೆಡ್ ಹೊಡೆದು, ಅಂಚು ಉಜ್ಜಿ, ಅಚ್ಚುಕಟ್ಟಾಗಿ. "ಮೊದಲೇ ಮಾಡಿಟ್ಟಿದ್ರಾ?" ಎಂದು ಭಾವನಾ ಕೇಳಿದರು. ಅವನು ಬೋಲ್ಟು ತಿರುವತೊಡಗಿದ. ಆ ತೂತು ಕೊರೆದ ದಿನ, ಎರಡೂ ಕಡೆ ಒಂದೇ ಥರ ಇದ್ದರೆ ನೋಡಲು ಚೆಂದ ಎಂದು ತನಗೆ ತಾನೇ ಹೇಳಿಕೊಂಡದ್ದು ಮಾತ್ರ ನೆನಪಿತ್ತು. ಐದು ನಿಮಿಷ ಹಿಡಿಯಿತು. ಈ ನಾಲ್ಕು ತಿಂಗಳಲ್ಲಿ ಯಾವ ದಿನ ಮಾಡಿದ್ದರೂ ಅಷ್ಟೇ ಹಿಡಿಯುತ್ತಿತ್ತು.

ಎಡಗೈ ದೊನ್ನೆಯೊಳಗೆ ಕೂತಾಗ ಯಮುನಾ ಒಮ್ಮೆ ತಾಯಿಯ ಕಡೆ ನೋಡಿದಳು, ಈಗ ಹಿಡಿಯುತ್ತಾಳೆ ಎಂಬ ಅನುಮಾನದಿಂದ. ಮಹಾದೇವಿ ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಮೊದಲ ಚಮಚ ಗಲ್ಲಕ್ಕೆ ಹೋಯಿತು. ಎರಡನೆಯದು ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಈಶಪ್ಪನ ಕೈ ಒರೆಸಲು ಮುಂದೆ ಹೋದಾಗ ಭಾವನಾ ಅವನ ತೋಳು ಹಿಡಿದು, "ಬೇಡ, ಇರಿ" ಎಂದರು. ಮೂರನೆಯದು ಬಾಯಿಗೇ ಹೋಯಿತು. ಹೋದದ್ದು ಯಮುನಾಳಿಗೇ ನಂಬಿಕೆಯಾಗದೆ ಸ್ವಲ್ಪ ಹೊತ್ತು ಬಾಯಿ ತೆರೆದೇ ಇದ್ದಳು, ಅನ್ನ ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಮುಚ್ಚಿ ಅಗಿದಳು. ನಾಲ್ಕು, ಐದು. ಕೈ ಅದುರುತ್ತಿತ್ತು, ಸ್ಪ್ರಿಂಗು ಅದುರನ್ನು ನುಂಗುತ್ತಿತ್ತು, ಚಮಚ ಬರುತ್ತಿತ್ತು. ಅವಳು ನಗಲಿಲ್ಲ. ಕೆಲಸ ಮಾಡುವವರ ಮುಖ ಮಾಡಿಕೊಂಡು, ಹುಬ್ಬು ಗಂಟಿಕ್ಕಿ, ಯಾರನ್ನೂ ನೋಡದೆ ಉಂಡಳು. ಈಶಪ್ಪನಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಸೀತಾಲಕ್ಷ್ಮಿ ಮೇಡಂ ಸೀರೆಯ ಕಲೆಯನ್ನು ಕರ್ಚೀಫಿನಿಂದ ಒತ್ತುತ್ತಾ, "ಶಾಲೆ ಶುರುವಾದ ದಿನವೇ ಕರ್ಕೊಂಡು ಬನ್ನಿ. ಆ ಯಂತ್ರ ಬಿಗಿಯೋಕೆ ಗಟ್ಟಿ ಮೇಜು ನಾನು ನೋಡಿರ್ತೀನಿ" ಎಂದು ಹೇಳಿ ಹೊರಟರು. ಎಡಗೈ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಇಷ್ಟು ದಿನ ಹೆದರಿದ್ದು ಯಾರಿಗೆ ಎಂದು ಈಶಪ್ಪ ಯೋಚಿಸುತ್ತಾ ನಿಂತ.

ಬಟ್ಟಲು ಖಾಲಿಯಾಯಿತು. ಯಮುನಾ ತಲೆಯೆತ್ತಿ, "ಆಕು" ಎಂದಳು.

"ಸಾಕಂತ" ಎಂದು ಮಹಾದೇವಿ ಬಟ್ಟಲಿಗೆ ಕೈ ಹಾಕಿದಳು. ಹ ಆಗಲಿ ಸ ಆಗಲಿ ಯಮುನಾಳ ನಾಲಿಗೆಗೆ ಬರುವುದಿಲ್ಲ, ಅವಳ ಮಾತನ್ನು ಊಹಿಸಿಕೊಳ್ಳುವುದು ಮನೆಯವರಿಗೆ ರೂಢಿ.

"ಆಕು!" ಎಂದಳು ಯಮುನಾ ಮತ್ತೆ, ಜೋರಾಗಿ. ಚಮಚದಿಂದ ಬಟ್ಟಲಿನ ಅಂಚನ್ನು ಒತ್ತಿ ಹಿಡಿದಳು. ಮಹಾದೇವಿ ಎಳೆದಳು, ಅವಳು ಬಿಡಲಿಲ್ಲ. ಇಷ್ಟು ದಿನ ಬಟ್ಟಲು ಹಿಡಿಯಲು ಅವಳಿಗೆ ಕೈ ಖಾಲಿ ಇರಲಿಲ್ಲ.

ಅನ್ನದ ಪಾತ್ರೆ ಹಿಡಿದು ಬರುತ್ತಿದ್ದ ಭಾವನಾ ನಿಂತರು. "ಹಾಕು ಅಂತಿದಾಳೆ ಕಣ್ರೀ. ಇನ್ನೂ ಬೇಕಂತೆ."

"ಹಾಕು ಅಂದ್ರ?" ಎಂದ ಈಶಪ್ಪ. ನಿಜಕ್ಕೂ ಅರ್ಥವಾಗದೆಯೇ ಕೇಳಿದ. ಅವರ ಮನೆಯಲ್ಲಿ ಅನ್ನ ನೀಡುತ್ತಾರೆ. ನೀಡಲೇನು, ಇನ್ನೊಂದೀಟು ನೀಡು, ಎನ್ನುತ್ತಾರೆ. ಹಾಕುವುದು ಅಂಗಿಯನ್ನು, ಬೀಗವನ್ನು, ದನಕ್ಕೆ ಮೇವನ್ನು. ಆದರೆ ಯಮುನಾ ಹುಟ್ಟಿದ್ದು ಬಾದಾಮಿಯ ಕಡೆ ಅಲ್ಲ, ಲಗ್ಗೆರೆಯಲ್ಲಿ. ಸಾಲು ಕೋಣೆಗಳ ಬಾಗಿಲುಗಳಲ್ಲಿ ಪಕ್ಕದ ಮನೆಯ ಅಮ್ಮಂದಿರು ಮಕ್ಕಳನ್ನು ಕೂರಿಸಿಕೊಂಡು ಇನ್ನೊಂಚೂರು ಹಾಕ್ಲಾ ಎನ್ನುವುದನ್ನು ದಿನಾ ಕೇಳುತ್ತಾ ಕೂತವಳು. ಮಾತು ಬಂದು ಎರಡು ವರ್ಷವಾಗಿತ್ತು ಅವಳಿಗೆ. ಮೊದಲು ಬಂದ ಮೂರು ನಾಲ್ಕು ಮಾತಿನಲ್ಲಿ ಇದೂ ಒಂದು.

ಮಹಾದೇವಿ ಬಟ್ಟಲು ಬಿಟ್ಟಳು. "ಎಂಟು ತುತ್ತಿಗೆ ಆಕು ಅಂತಿದ್ಲು," ಎಂದಳು, ಯಾರಿಗೆಂದಿಲ್ಲದೆ. "ಹೊಟ್ಟಿ ಸಣ್ಣದೈತಿ ಅಂತ ತಾಟು ತಗೊಂಡು ಎದ್ದು ಹೋಗ್ತಿದ್ದೆ. ಉಂಡ ಮ್ಯಾಲ ಅಳ್ತಿದ್ಲು. ಹೊಟ್ಟಿ ನೋಯ್ತದೇನೋ ಅಂತ ಅಜವಾನದ ನೀರು ಕುಡಿಸ್ತಿದ್ದೆ."  ಗಂಡನ ಕಡೆ ತಿರುಗಿ, "ಹಸ್ತಿದ್ಲಲ್ರೀ ಇಕೀ" ಎಂದಳು. "ಎರಡು ವರ್ಷ ಹಸ್ತಿದ್ಲಲ್ರೀ."

ಈಶಪ್ಪನಿಗೆ ಕೂರಲು ಏನಾದರೂ ಬೇಕಾಗಿತ್ತು, ಹತ್ತಿರದಲ್ಲಿ ಮಕ್ಕಳ ಕುರ್ಚಿಯೇ ಇತ್ತು, ಅದರಲ್ಲೇ ಕೂತ. ಮೊಣಕಾಲು ಎದೆಗೆ ಬಂದವು. ಅಪ್ಪನ ಆ ಅವಸ್ಥೆ ನೋಡಿ ಯಮುನಾ ಕೇಕೆ ಹಾಕಿ ನಕ್ಕಳು, ಬಾಯಲ್ಲಿದ್ದ ಕೊನೆಯ ಅಗುಳುಗಳು ಹಾರಿ ಅವನ ಅಂಗಿಯ ಮೇಲೆ ಬಿದ್ದವು. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅವಳಿಗೆ ಅನ್ನ ಬೇಕಾಗಿತ್ತು. ಅವನು ಭಾವನಾ ಮೇಡಂ ಕೈಯಿಂದ ಪಾತ್ರೆಯನ್ನೂ ಸೌಟನ್ನೂ ಇಸಿದುಕೊಂಡು, ನಾಲಿಗೆಗೆ ಒಗ್ಗದ ಆ ಮಾತನ್ನು ಒಗ್ಗಿಸಿಕೊಳ್ಳುತ್ತಾ, "ಹಾಕಲೇನವ್ವಾ?" ಎಂದು ಕೇಳಿದ.

"ಆಕು" ಎಂದಳು ಯಮುನಾ.

ಈಶಪ್ಪ ಹಾಕಿದ.